ಒಡೆದ ಗಾಜನ್ನು ಮುಟ್ಟಬೇಡಿ ಎನ್ನುವವರಿಗೆ

ಫೋನ್ ಕೈಜಾರಿ ಬಿದ್ದು ಹಿಂದಿನ ಗಾಜು ಒಡೆಯಿತೆಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನೀವು ಬಿಚ್ಚೋಕೆ ಹೋಗಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ. ಅಲ್ಲಿ ಹೇಳಿದ ರೇಟು ಕೇಳಿ ಎದೆ ಧಸಕ್ಕೆಂದರೆ ಮೇಲೊಂದು ಪೌಚ್ ಹಾಕಿಕೊಂಡು ಸುಮ್ಮನಿರಿ. ಹಬ್ಬಕ್ಕೆ ಎಕ್ಸ್‌ಚೇಂಜ್ ಆಫರ್ ಬಂದಾಗ ಹಳೆಯದು ಕೊಟ್ಟು ಹೊಸದು ತಗೊಳ್ಳಿ. ಮೊಬೈಲ್ ಅಂಗಡಿಯವರು ಇದನ್ನೇ ಹೇಳುತ್ತಾರೆ, ಪಕ್ಕದ ಮನೆಯವರು ಇದನ್ನೇ ಹೇಳುತ್ತಾರೆ, ಎಂಜಿನಿಯರಿಂಗ್ ಓದಿದ ನಮ್ಮ ಮಕ್ಕಳೂ ಇದನ್ನೇ ಹೇಳುತ್ತಾರೆ. ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಇದರಿಂದ ಲಾಭ ಯಾರಿಗೆ ಎಂದು ಕೇಳುವುದನ್ನೇ ನಾವು ಬಿಟ್ಟಿದ್ದೇವೆ.

ನಾನು ಹೇಳಬೇಕಾದದ್ದು ಇಷ್ಟು. ಒಡೆದ ಹಿಂಬದಿ ಗಾಜನ್ನು ತೆಗೆದು ಹೊಸದನ್ನು ಕೂರಿಸುವುದು ಮನೆಯ ಮೇಜಿನ ಮೇಲೆ ಆಗಬೇಕಾದ ಕೆಲಸ. ದುಡ್ಡು ಕೊಟ್ಟು ಕೊಂಡವರಿಗೆ ಅದು ಹಕ್ಕು. ಆ ಕೆಲಸ ಮನೆಯಲ್ಲಿ ಕಷ್ಟವಾಗಿದ್ದರೆ ಅದಕ್ಕೆ ಹೊಣೆ ಫೋನನ್ನು ಹಾಗೆ ಕಟ್ಟಿದವರು. ಕಟ್ಟಿದವರ ತಪ್ಪನ್ನು ಕೊಂಡವರ ಕೈಲಾಗದತನವೆಂದು ತಿರುಗಿಸಿ ಹೇಳಿದ್ದಾರೆ, ನಾವು ನಂಬಿದ್ದೇವೆ. ನಂಬಿದ್ದು ಸಾಲದೆಂದು ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಿದ್ದೇವೆ. ಇದು ನಿಲ್ಲಬೇಕು.

ಬಿಚ್ಚಲಾಗದ ಹಿಂಬದಿ ಯಾವ ಭೌತನಿಯಮದಿಂದಲೂ ಹುಟ್ಟಿದ್ದಲ್ಲ. 2010ರಲ್ಲಿ ಆ್ಯಪಲ್ ತಂದ ಐಫೋನ್ 4ರ ಹಿಂಬದಿಯೂ ಗಾಜಿನದೇ. ಅದನ್ನು ಹಿಡಿದಿದ್ದದ್ದು ಕೆಳ ಅಂಚಿನ ಎರಡು ಸಣ್ಣ ಸ್ಕ್ರೂ. ಅವನ್ನು ತೆಗೆದು ಗಾಜನ್ನು ಹೆಬ್ಬೆರಳಿನಿಂದ ಸ್ವಲ್ಪ ಮೇಲಕ್ಕೆ ತಳ್ಳಿದರೆ ಅದು ಕಳಚಿ ಕೈಗೆ ಬರುತ್ತಿತ್ತು. ಹೊಸದನ್ನು ಕೂರಿಸಿ, ಕೆಳಕ್ಕೆ ಜಾರಿಸಿ, ಸ್ಕ್ರೂ ಬಿಗಿದರೆ ಮುಗಿಯಿತು. ಏಳು ವರ್ಷ ಕಳೆದು ಅದೇ ಕಂಪನಿ ಐಫೋನ್ 8 ಮತ್ತು ಐಫೋನ್ ಟೆನ್ ತಂದಿತು. ಹಿಂದೆ ಮತ್ತೆ ಗಾಜು. ಈ ಸಲ ಅದನ್ನು ಚೌಕಟ್ಟಿಗೆ ಗಟ್ಟಿ ಅಂಟಿನಿಂದ ಹೇಗೆ ಅಂಟಿಸಿದ್ದರೆಂದರೆ, ತೆಗೆಯಬೇಕಾದರೆ ಒಂದೋ ಲೇಸರ್ ಯಂತ್ರದಿಂದ ಅಂಟನ್ನು ಸುಡಬೇಕು, ಇಲ್ಲವೇ ಗಾಜನ್ನು ಚೂರುಚೂರಾಗಿ ಒಡೆದು ಕೆರೆಯಬೇಕು. ಸ್ಕ್ರೂ ಹಾಕಿ ಕೂರಿಸುವುದು ಗೊತ್ತಿದ್ದ ಕಂಪನಿಯೇ ಅದನ್ನು ಕೈಬಿಟ್ಟಿತು. ಗೊತ್ತಿದ್ದೂ ಬಿಟ್ಟದ್ದನ್ನು ತಂತ್ರಜ್ಞಾನದ ಅನಿವಾರ್ಯತೆ ಎಂದು ಕರೆಯುವುದು ಹೇಗೆ?

ಅದರ ಬೆಲೆ ಯಾರು ತೆತ್ತರು? ಐಫೋನ್ ಟೆನ್ ಬಂದಾಗ ಅಮೆರಿಕದಲ್ಲಿ ಕಂಪನಿಯೇ ಪ್ರಕಟಿಸಿದ ದರ ನೋಡಿ. ಮುಂದಿನ ಪರದೆ ಒಡೆದರೆ 279 ಡಾಲರ್. ಹಿಂದಿನ ಗಾಜು ಒಡೆದರೆ 549 ಡಾಲರ್. ಮುಂದಿನದು ಚಿತ್ರ ಮೂಡಿಸುವ, ಬೆರಳಿನ ಸ್ಪರ್ಶ ಗ್ರಹಿಸುವ ಜಟಿಲ ಭಾಗ. ಹಿಂದಿನದು ಬರೀ ಗಾಜು. ಬರೀ ಗಾಜಿಗೆ ಪರದೆಯ ಸುಮಾರು ಎರಡರಷ್ಟು ದರ. ಹೊಸ ಫೋನಿನ ಬೆಲೆಯೇ 999 ಡಾಲರ್ ಇದ್ದಾಗ ಒಂದು ಬಿರುಕಿಗೆ ಅದರ ಅರ್ಧಕ್ಕಿಂತ ಹೆಚ್ಚು ಕೇಳುವುದೆಂದರೆ ಅದು ದುರಸ್ತಿಯ ದರವಲ್ಲ, ದುರಸ್ತಿ ಮಾಡಿಸಬೇಡ ಎಂಬ ಸೂಚನೆ. 2022ರಲ್ಲಿ ಇದೇ ಕಂಪನಿ ಐಫೋನ್ 14ರಲ್ಲಿ ಒಳಗಿನ ರಚನೆ ಬದಲಿಸಿ, ಹಿಂದಿನ ಗಾಜು ಪ್ರತ್ಯೇಕವಾಗಿ ಕಳಚುವಂತೆ ಮಾಡಿತು. ದರ 169 ಡಾಲರ್‌ಗೆ ಇಳಿಯಿತು. ಅದರ ಜೊತೆಯಲ್ಲೇ ಬಿಡುಗಡೆಯಾದ 14 ಪ್ರೋ ಮಾದರಿಯಲ್ಲಿ ಹಳೆಯ ರಚನೆಯೇ ಉಳಿಯಿತು, ದರ 499 ಡಾಲರ್. ಒಂದೇ ವರ್ಷ, ಒಂದೇ ಕಂಪನಿ. ವ್ಯತ್ಯಾಸ ಬಂದದ್ದು ಒಳಗೆ ಹೇಗೆ ಕಟ್ಟಿದರು ಎಂಬುದರಿಂದ. ಬಿಚ್ಚಲಾಗದ ಹಾಗೆ ಕಟ್ಟುವುದು ಒಂದು ತೀರ್ಮಾನ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಗಾಜಿಲ್ಲದೆ ವೈರ್‌ಲೆಸ್ ಚಾರ್ಜಿಂಗ್ ಆಗುವುದಿಲ್ಲ ಎನ್ನುವವರಿದ್ದಾರೆ. ಲೋಹ ಅಡ್ಡ ಬರುತ್ತದೆ ನಿಜ, ಆದರೆ ಪ್ಲಾಸ್ಟಿಕ್ ಅಡ್ಡ ಬರುವುದಿಲ್ಲ. 2012ರ ನೋಕಿಯಾ ಲೂಮಿಯಾ 920 ಪ್ಲಾಸ್ಟಿಕ್ ಮೈಯಲ್ಲೇ ವೈರ್‌ಲೆಸ್ ಚಾರ್ಜ್ ಆಗುತ್ತಿತ್ತು. 2021ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್21ಕ್ಕೆ ಪ್ಲಾಸ್ಟಿಕ್ ಹಿಂಬದಿ ಹಾಕಿತು, ಅದಕ್ಕೂ ವೈರ್‌ಲೆಸ್ ಚಾರ್ಜಿಂಗ್ ಇದೆ. ಗಾಜು ಬಂದದ್ದು ಅಂಗಡಿಯ ದೀಪದ ಕೆಳಗೆ ಹೊಳೆಯಲಿ ಎಂದು. ಆ ಹೊಳಪನ್ನು ಕೊಂಡ ದಿನವೇ ನಾವು ಪೌಚ್ ಹಾಕಿ ಮುಚ್ಚುತ್ತೇವೆ.

ಇನ್ನು ನೀರಿನ ವಿಚಾರ. ಅಂಟು ಹಾಕಿ ಮುಚ್ಚದಿದ್ದರೆ ಒಳಗೆ ನೀರು ಹೋಗುತ್ತದೆ, ಮನೆಯಲ್ಲಿ ಬಿಚ್ಚಿದರೆ ಆ ರಕ್ಷಣೆ ಹೋಯಿತು ಎಂದು ಹೆದರಿಸುತ್ತಾರೆ. 2014ರ ಗ್ಯಾಲಕ್ಸಿ ಎಸ್5ರ ಹಿಂದಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಬಹುದಿತ್ತು, ಬ್ಯಾಟರಿಯನ್ನು ಬೆರಳಿನಿಂದ ತೆಗೆಯಬಹುದಿತ್ತು. ಆ ಫೋನಿಗೆ ಐಪಿ67 ದರ್ಜೆ ಇತ್ತು, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂಥದ್ದು. ಮುಚ್ಚಳದ ಒಳಅಂಚಿನ ರಬ್ಬರ್ ಪಟ್ಟಿ ಆ ಕೆಲಸ ಮಾಡುತ್ತಿತ್ತು. ಮರುವರ್ಷ ಬಂದ ಎಸ್6ರಲ್ಲಿ ಹಿಂಬದಿ ಗಾಜಾಯಿತು, ಅಂಟಿನಿಂದ ಮುಚ್ಚಿಹೋಯಿತು, ಬ್ಯಾಟರಿ ಒಳಗೆ ಸೇರಿತು. ನೀರಿನ ದರ್ಜೆ? ಇರಲೇ ಇಲ್ಲ. ಬಿಚ್ಚಬಹುದಾದ ಫೋನು ನೀರು ತಡೆಯಿತು, ಬಿಚ್ಚಲಾಗದ್ದಕ್ಕೆ ಆ ಭರವಸೆಯೂ ಇಲ್ಲ. ಇಷ್ಟಕ್ಕೂ ಹಿಂದಿನ ಗಾಜು ಬಿರಿದ ಮೇಲೆ ಯಾವ ರಕ್ಷಣೆ ಉಳಿದಿರುತ್ತದೆ? ಬಿರುಕಿನೊಳಗೆ ಬೆವರು, ಮಳೆನೀರು ಇಳಿಯುತ್ತಿರುವ ಫೋನನ್ನು ಇಟ್ಟುಕೊಂಡು, ಬಿಚ್ಚಿದರೆ ನೀರು ಹೋಗುತ್ತದೆ ಎಂದು ಹೆದರುವುದರಲ್ಲಿ ಏನಾದರೂ ತಲೆಬುಡ ಇದೆಯೇ? ನೀರು ತಡೆಯುತ್ತದೆ ಎಂದು ಜಾಹೀರಾತು ಕೊಡುವ ದೊಡ್ಡ ಕಂಪನಿಗಳ ವಾರಂಟಿ ಕಾಗದವನ್ನು ಬಿಡಿಸಿ ಓದಿ. ನೀರು ಹೋಗಿ ಹಾಳಾದರೆ ವಾರಂಟಿ ಅನ್ವಯಿಸುವುದಿಲ್ಲ ಎಂಬ ಸಾಲು ಸಣ್ಣಕ್ಷರದಲ್ಲಿ ಇರುತ್ತದೆ.

ವಾರಂಟಿಯ ಬೆದರಿಕೆಯೂ ಇಷ್ಟೇ ಟೊಳ್ಳು. ಕೆಳಗೆ ಬಿದ್ದು ಒಡೆದದ್ದಕ್ಕೆ ಸಾಮಾನ್ಯ ವಾರಂಟಿ ಸಿಗುವುದೇ ಇಲ್ಲ. ಒಂದು ವರ್ಷ ಕಳೆದ ಫೋನುಗಳಿಗೆ ಬಹುತೇಕ ವಾರಂಟಿಯೇ ಇರುವುದಿಲ್ಲ. ಇಲ್ಲದ್ದನ್ನು ಕಳೆದುಕೊಳ್ಳುತ್ತೀರಿ ಎಂದು ಹೆದರಿಸಿದರೆ ನಾವು ಹೆದರುತ್ತೇವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲೇ, ಸ್ಟಿಕ್ಕರ್ ಕಿತ್ತರೆ ವಾರಂಟಿ ರದ್ದು ಎಂಬಂಥ ಷರತ್ತು ಹಾಕುತ್ತಿದ್ದ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಅಲ್ಲಿ 1975ರಿಂದಲೂ ಅದಕ್ಕೆ ವಿರುದ್ಧವಾದ ಕಾಯ್ದೆ ಇದೆ. ಅದೇ ಸಂಸ್ಥೆ 2021ರ ಮೇ ತಿಂಗಳಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ, ದುರಸ್ತಿಗೆ ಅಡ್ಡಿಪಡಿಸಲು ತಯಾರಕರು ಕೊಡುವ ಕಾರಣಗಳಿಗೆ ಆಧಾರ ತೀರಾ ಕಡಿಮೆ ಎಂದು ಹೇಳಿತು. ಸುರಕ್ಷತೆಯ ಕಾರಣವನ್ನೂ ಪರಿಶೀಲಿಸಿಯೇ ಈ ಮಾತು ಹೇಳಿದ್ದು.

ಸುರಕ್ಷತೆ ಎಂದ ಕೂಡಲೇ ಬ್ಯಾಟರಿ ಸಿಡಿಯುವ ಭಯ ಮುಂದೆ ಬರುತ್ತದೆ. ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ, ಮಡಚಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋನ್ ಬ್ಯಾಟರಿಯ ಚರಿತ್ರೆಯಲ್ಲಿ ಜಗತ್ತು ಕಂಡ ದೊಡ್ಡ ಬೆಂಕಿ ಅವಾಂತರಗಳಲ್ಲೊಂದು ಯಾರ ಮನೆಯ ಮೇಜಿನಿಂದ ಹುಟ್ಟಿತು? 2016ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ 7 ಫೋನುಗಳು ಜೇಬಿನಲ್ಲಿ, ಹಾಸಿಗೆಯ ಪಕ್ಕದಲ್ಲಿ ಹೊತ್ತಿಕೊಂಡವು. ಮೊದಲ ಸುತ್ತಿನಲ್ಲೇ ಸುಮಾರು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆಸಿಕೊಂಡರು, ವಿಮಾನಗಳಲ್ಲಿ ಆ ಫೋನನ್ನೇ ನಿಷೇಧಿಸಿದರು. 2017ರ ಜನವರಿಯಲ್ಲಿ ಕಂಪನಿಯೇ ಕಾರಣ ಒಪ್ಪಿಕೊಂಡಿತು: ಬ್ಯಾಟರಿಯ ವಿನ್ಯಾಸ ಮತ್ತು ತಯಾರಿಕೆಯ ದೋಷ. ಆ ಫೋನುಗಳನ್ನು ಯಾವ ಗೃಹಿಣಿಯೂ ಬಿಚ್ಚಿರಲಿಲ್ಲ, ಯಾವ ವಿದ್ಯಾರ್ಥಿಯೂ ಚುಚ್ಚಿರಲಿಲ್ಲ. ನಮ್ಮ ಮನೆಗಳಲ್ಲಿ ಖಾಲಿಯಾದ ಅಡುಗೆ ಅನಿಲದ ಸಿಲಿಂಡರನ್ನು ನಾವೇ ಬದಲಿಸುತ್ತೇವೆ. ರೆಗ್ಯುಲೇಟರ್ ಕೂರಿಸಿ, ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದೆಯೇ ನೋಡುತ್ತೇವೆ. ಅಪಾಯ ಇರುವುದರಿಂದಲೇ ಅದನ್ನು ಎಲ್ಲರಿಗೂ ಕಲಿಸಿದ್ದಾರೆ. ಫೋನಿನ ವಿಷಯದಲ್ಲಿ ಮಾತ್ರ ಅಪಾಯ ಇರುವುದರಿಂದ ಕಲಿಯಬೇಡಿ ಎನ್ನುತ್ತಾರೆ. ಕಲಿಸಬೇಕಾದ ಕಡೆ ಹೆದರಿಸುವುದರಿಂದ ಯಾರ ಪ್ರಾಣ ಉಳಿಯಿತು?

ಹಿಂದಿನ ಗಾಜು ತೆಗೆಯುವುದೆಂದರೆ ಬ್ಯಾಟರಿಗೆ ಕೈಹಾಕುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಒಮ್ಮೆಯೂ ಒಳಗೆ ನೋಡದವರು ಹಾಗೆ ತಿಳಿಯುವುದು ಸಹಜ. ನನ್ನ ಅಕ್ಕನ ಮಗಳ ಫೋನು ಬಸ್ಸಿನ ಮೆಟ್ಟಿಲಿಗೆ ಬಡಿದು ಹಿಂಬದಿ ಪೂರ್ತಿ ಬಿರಿದಿತ್ತು. ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನು. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಕ್ ಪ್ಯಾನೆಲ್ ಮಾತ್ರ ಕೊಡಿ ಎಂದು ಕೇಳಿದೆವು. ಬಿಡಿಯಾಗಿ ಮಾರೋದಿಲ್ಲ ಸಾರ್, ಫೋನ್ ಇಲ್ಲೇ ಬಿಟ್ಟುಹೋಗಬೇಕು, ರೀಸೆಟ್ ಮಾಡಿ ಕೊಡಿ ಎಂದರು. ಹುಡುಗಿಯ ಕಾಲೇಜಿನ ನೋಟ್ಸು, ಹಾಲ್ ಟಿಕೆಟ್ಟು, ಬ್ಯಾಂಕಿನ ಆ್ಯಪ್ಪು ಎಲ್ಲ ಅದರಲ್ಲೇ. ಗಾಜು ಬದಲಿಸಲು ಫೋನಿನ ಒಳಗಿರುವುದನ್ನೆಲ್ಲ ಅಳಿಸಬೇಕೇಕೆ ಎಂದು ಕೇಳಿದರೆ ಪಾಲಿಸಿ ಎಂಬ ಒಂದೇ ಉತ್ತರ. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಅದೇ ಮಾದರಿಯ ಪ್ಯಾನೆಲ್ಲು, ಅಳತೆಗೆ ಕತ್ತರಿಸಿದ ಡಬಲ್ ಟೇಪು, ಒಂದು ಸಕ್ಷನ್ ಕಪ್ಪು, ತೆಳು ಪ್ಲಾಸ್ಟಿಕ್ ಓಪನರುಗಳು ಸಿಕ್ಕವು. ಎಲ್ಲ ಸೇರಿ ಸರ್ವಿಸ್ ಸೆಂಟರ್ ಹೇಳಿದ ದರದ ಕಾಲುಭಾಗವೂ ಆಗಲಿಲ್ಲ.

ಕೆಲಸ ಮಾಡಿದ್ದು ಹುಡುಗಿಯೇ. ಚಾರ್ಜ್ ಕಾಲುಭಾಗಕ್ಕಿಂತ ಕೆಳಗಿಳಿಯುವವರೆಗೆ ಕಾದು, ಫೋನ್ ಆಫ್ ಮಾಡಿ, ಸಿಮ್ ಟ್ರೇ ತೆಗೆದಳು. ಒಡೆದ ಗಾಜಿನ ಮೇಲೆ ಅಗಲದ ಪ್ಯಾಕಿಂಗ್ ಟೇಪನ್ನು ಉದ್ದಕ್ಕೂ ಅಡ್ಡಕ್ಕೂ ಒತ್ತಿ ಅಂಟಿಸಿದೆವು. ಚೂರು ಸಿಡಿಯದಿರಲು ಒಂದು ಕಾರಣ, ಸಕ್ಷನ್ ಕಪ್ ಬಿರುಕಿನ ಮೇಲೆ ಹಿಡಿಯುವುದಿಲ್ಲ ಎಂಬುದು ಇನ್ನೊಂದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಕೂದಲು ಒಣಗಿಸುವ ಡ್ರೈಯರ್‌ನಿಂದ ಅಂಚಿನುದ್ದಕ್ಕೂ ಬಿಸಿಗಾಳಿ ಹಾಯಿಸುತ್ತಾ ಹೋದಳು, ಒಂದೇ ಕಡೆ ನಿಲ್ಲಿಸದೆ.

“ಮಾವ, ಬ್ಯಾಟರಿ ಬಿಸಿ ಆಗಿ ಏನಾದ್ರೂ ಆದ್ರೆ?”

“ಮುಟ್ಟಿ ನೋಡ್ತಾ ಇರು. ಕೈ ತಡೆಯೋಷ್ಟೇ ಬಿಸಿ ಇರಲಿ. ಮಧ್ಯಕ್ಕೆ ಹೋಗಬೇಡ, ಅಂಟು ಇರೋದು ಅಂಚಲ್ಲಿ.”

ಕೆಳ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿತು. ಅಲ್ಲಿ ಓಪನರ್ ತೂರಿಸಿ, ಒಳಕ್ಕೆ ಚುಚ್ಚದೆ ಅಂಚಿನಲ್ಲೇ ಜಾರಿಸುತ್ತಾ ಮೂಲೆ ತಿರುಗಿಸಿದಳು. ಅಂಟು ಎಳೆಎಳೆಯಾಗಿ ಹಿಗ್ಗಿ ಬಿಟ್ಟುಕೊಂಡಿತು. ಕೆಲವು ಮಾದರಿಗಳಲ್ಲಿ ಬೆರಳಚ್ಚಿನ ಸೆನ್ಸರ್ ಹಿಂಬದಿಯಲ್ಲೇ ಇದ್ದು, ಅದರ ತೆಳುವಾದ ಕೇಬಲ್ ಒಳಗಿನ ಬೋರ್ಡಿಗೆ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಪ್ಯಾನೆಲನ್ನು ಥಟ್ಟನೆ ಎತ್ತಬಾರದು, ಪುಸ್ತಕದ ಹಾಳೆ ತಿರುಗಿಸುವಷ್ಟು ಮೆಲ್ಲಗೆ ಒಂದು ಬದಿಯಿಂದ ತೆರೆದು ನೋಡಬೇಕು. ಇದರಲ್ಲಿ ಅದಿರಲಿಲ್ಲ. ಗಾಜಿನ ಕೆಳಗೆ ಕಂಡದ್ದೇನು? ಸ್ಕ್ರೂಗಳಿಂದ ಬಿಗಿದ ಕಪ್ಪು ಪ್ಲಾಸ್ಟಿಕ್ ಹೊದಿಕೆ, ಅದರ ಪಕ್ಕದಲ್ಲಿ ತನ್ನ ಪಾಡಿಗೆ ಕೂತಿದ್ದ ಬ್ಯಾಟರಿ. ಅದನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಹಳೆಯ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯುವುದೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದ ಕೆಲಸ. ಒಂದು ಗಾಜಿನ ಕಣ ಅಂಚಿನಲ್ಲಿ ಉಳಿದರೂ ಹೊಸ ಪ್ಯಾನೆಲ್ ಸಮವಾಗಿ ಕೂರುವುದಿಲ್ಲ. ಟೇಪಿನ ಕಾಗದ ಸುಲಿದು, ಹೊಸ ಗಾಜನ್ನು ಕ್ಯಾಮೆರಾದ ಕಿಂಡಿಗೆ ಸರಿಹೊಂದಿಸಿ ಒತ್ತಿ, ಮೇಲೆ ದಪ್ಪ ನಿಘಂಟು ಇಟ್ಟು ರಾತ್ರಿ ಕಳೆಯಲು ಬಿಟ್ಟೆವು. ಮರುದಿನ ಫೋನು ಆನ್ ಆಯಿತು. ಒಳಗಿನ ಒಂದಕ್ಷರವೂ ಅಳಿಸಿರಲಿಲ್ಲ.

ಇದರಲ್ಲಿ ಪವಾಡ ಏನೂ ಇಲ್ಲ. ತಾಳ್ಮೆ ಬೇಕು, ಸರಿಯಾದ ಬಿಡಿಭಾಗ ಬೇಕು, ಯಾವ ಅಂಚಿನಲ್ಲಿ ಏನಿದೆ ಎಂದು ತೋರಿಸುವ ಒಂದು ಪುಟದ ಕೈಪಿಡಿ ಬೇಕು. ತಾಳ್ಮೆ ನಮ್ಮದು. ಉಳಿದೆರಡನ್ನೂ ಕಂಪನಿ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದೆ. ಹುಡುಗಿಯ ಫೋನಿಗೆ ನಾವು ಹಾಕಿದ್ದು ಕಂಪನಿಯ ಅಸಲಿ ಪ್ಯಾನೆಲ್ ಅಲ್ಲ, ಹೊರಗಿನವರು ಮಾಡಿದ ನಕಲು. ನಕಲಿ ಬಿಡಿಭಾಗ ಅಪಾಯಕಾರಿ ಎಂದು ಕಂಪನಿಗಳು ಎಚ್ಚರಿಸುತ್ತವೆ. ಹಾಗಿದ್ದರೆ ಅಸಲಿಯನ್ನು ಕೌಂಟರಿನ ಮೇಲಿಟ್ಟು ಮಾರುವುದಕ್ಕೆ ತಡೆದವರು ಯಾರು? ಅಸಲಿಯನ್ನು ಬಚ್ಚಿಟ್ಟು ನಕಲಿಯನ್ನು ದೂರುವುದು ಯಾವ ನ್ಯಾಯ?

ನಮ್ಮ ಕೈಗಳಿಗೆ ಇದು ಆಗದು ಎಂಬ ಮಾತಂತೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತದೆ. ಭಾರತದಲ್ಲಿ ಐಫೋನ್ ಜೋಡಣೆ ಶುರುವಾದದ್ದು 2017ರಲ್ಲಿ, ನಮ್ಮ ಪೀಣ್ಯದಲ್ಲಿ. ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು, 2023ರಲ್ಲಿ ಅದು ಟಾಟಾ ಕೈಗೆ ಬಂತು. ಈಗ ದೇವನಹಳ್ಳಿಯಲ್ಲೂ ಜೋಡಣೆ ನಡೆಯುತ್ತಿದೆ. ಡಿಪ್ಲೊಮಾ, ಐಟಿಐ, ಪಿಯುಸಿ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಅಲ್ಲಿ ಪಾಳಿಯಲ್ಲಿ ನಿಂತು, ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಬಿಗಿದು, ಕೇಬಲ್ ಕೂರಿಸಿ, ಜಗತ್ತಿಗೆಲ್ಲ ಫೋನು ಕಳುಹಿಸುತ್ತಿದ್ದಾರೆ. ತರಬೇತಿ ಕೊಟ್ಟು ಅವರ ಕೈಯಲ್ಲಿ ಫೋನು ಕಟ್ಟಿಸುವವರಿಗೆ, ಅದೇ ಕೈಗಳು ಮನೆಗೆ ಬಂದು ತಮ್ಮ ಸ್ವಂತ ಫೋನಿನ ಹಿಂಬದಿ ತೆಗೆದರೆ ಅಪಾಯ ಕಾಣುತ್ತದೆ. ಕೂಲಿಗೆ ನಂಬಿಕಸ್ಥವಾದ ಕೈ ಒಡೆತನಕ್ಕೆ ನಂಬಿಕಸ್ಥವಲ್ಲವೇ? ಹೊಲಿಗೆ ಯಂತ್ರದ ಬೆಲ್ಟು ಬದಲಿಸುವ, ಪಂಪ್‌ಸೆಟ್ಟಿನ ಫುಟ್‌ವಾಲ್ವ್ ತೆಗೆದು ಚರ್ಮದ ವಾಷರ್ ಹಾಕುವ, ಮಿಕ್ಸಿ ಜಾರಿನ ಬುಷ್ ತಾವೇ ಹಾಕಿಕೊಳ್ಳುವ ಜನ ನಾವು. ನಮಗೆ ಕೈ ಬರುವುದಿಲ್ಲ ಎಂದು ಹೇಳಿಕೊಟ್ಟವರು ಯಾರು, ಯಾವಾಗಿನಿಂದ?

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ, ನ್ಯಾಷನಲ್ ಮಾರ್ಕೆಟ್ ಇದೆ. ಪಾವಗಡದವರು, ಹನೂರಿನವರು, ಜೊಯಿಡಾದವರು ಏನು ಮಾಡಬೇಕು? ಅಧಿಕೃತ ಸರ್ವಿಸ್ ಸೆಂಟರ್ ಎಂದರೆ ಅಲ್ಲಿಯವರಿಗೆ ದೂರದ ಜಿಲ್ಲಾ ಕೇಂದ್ರ. ಹೋಗಿಬರುವ ಬಸ್ ಖರ್ಚು, ಆ ದಿನದ ಕೂಲಿ, ಇನ್ನೊಂದು ಸಲ ಬನ್ನಿ ಎಂದರೆ ಮತ್ತೆ ಅಷ್ಟೇ. ಪಡಿತರದ ಒಟಿಪಿ, ಉದ್ಯೋಗ ಖಾತ್ರಿಯ ಹಾಜರಿ, ಮಕ್ಕಳ ಪಾಠ ಎಲ್ಲವನ್ನೂ ಫೋನಿಗೆ ಕಟ್ಟಿಹಾಕಿದ ಮೇಲೆ, ಆ ಫೋನನ್ನು ವಾರಗಟ್ಟಲೆ ಎಲ್ಲೋ ಬಿಟ್ಟುಬನ್ನಿ ಎನ್ನುವುದು ಬಡವರಿಗೆ ಹೇಳುವ ಮಾತೇ? ತಾಲ್ಲೂಕಿನ ಬಸ್‌ಸ್ಟ್ಯಾಂಡಿನ ಪಕ್ಕದ ಪುಟ್ಟ ಮೊಬೈಲ್ ರಿಪೇರಿ ಅಂಗಡಿಯವನೂ ಇದರಲ್ಲಿ ನಮ್ಮ ಜೊತೆಗೇ ನರಳುತ್ತಾನೆ. ಅವನಿಗೂ ಅಸಲಿ ಬಿಡಿಭಾಗ ಸಿಗುವುದಿಲ್ಲ, ಕೈಪಿಡಿ ಸಿಗುವುದಿಲ್ಲ. ಕೆಲವು ಫೋನುಗಳಲ್ಲಿ ಬಿಡಿಭಾಗವನ್ನು ಸಾಫ್ಟ್‌ವೇರ್ ಬೀಗದಿಂದ ಆಯಾ ಫೋನಿಗೇ ಜೋಡಿಸಿಟ್ಟು, ಹೊರಗಿನವರು ಹಾಕಿದರೆ ಎಚ್ಚರಿಕೆಯ ಸಂದೇಶ ಬರುವಂತೆ ಮಾಡಿದ್ದಾರೆ. ಮನೆಯಲ್ಲಿ ದುರಸ್ತಿ ಬೇಕೆನ್ನುವ ನಮ್ಮ ಹೋರಾಟ ಅವನ ಅನ್ನದ ಹೋರಾಟವೂ ಹೌದು.

ಎಸೆದ ಫೋನುಗಳ ಲೆಕ್ಕವೂ ಇದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಫೋನು ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ತಯಾರಿಕೆಯಲ್ಲೇ ಆಗುತ್ತದೆ ಎಂದು ಆ್ಯಪಲ್‌ನ ಪರಿಸರ ವರದಿಗಳೇ ತೋರಿಸುತ್ತವೆ. ಹೀಗಿರುವಾಗ ಹಿಂದಿನ ಗಾಜು ಬಿರಿಯಿತೆಂದು ಚೆನ್ನಾಗಿ ಓಡುತ್ತಿರುವ ಫೋನನ್ನು ಬದಲಿಸಿ ಎಂದು ಸಲಹೆ ಕೊಡುವುದು ಅಪರಾಧ. ಪೆಟ್ಟಿಗೆಯಿಂದ ಚಾರ್ಜರ್ ತೆಗೆದು ಪರಿಸರ ಉಳಿಸಿದೆವು ಎನ್ನುವವರು, ಪೆಟ್ಟಿಗೆಯೊಳಗಿನ ಫೋನಿಗೆ ನಾಲ್ಕು ಸ್ಕ್ರೂ ಯಾಕೆ ಹಾಕಲಿಲ್ಲ ಎಂಬುದಕ್ಕೆ ಉತ್ತರ ಕೊಡಬೇಕು.

ಬೇರೆ ದೇಶಗಳು ಕೈಕಟ್ಟಿ ಕೂತಿಲ್ಲ. ಫ್ರಾನ್ಸ್ 2021ರ ಜನವರಿಯಿಂದ ಫೋನುಗಳ ಮೇಲೆ ದುರಸ್ತಿಯ ಅಂಕವನ್ನು ಹತ್ತಕ್ಕೆ ಇಷ್ಟು ಎಂದು ಬೆಲೆಯ ಪಕ್ಕದಲ್ಲೇ ತೋರಿಸುವಂತೆ ಮಾಡಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದ ಪ್ರಕಾರ, ಮಾದರಿಯೊಂದರ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳನ್ನು ಒದಗಿಸಲೇಬೇಕು. 2027ರ ಫೆಬ್ರವರಿಯಿಂದ ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ನಿಯಮವೂ ಅಲ್ಲಿ ಬರುತ್ತಿದೆ. ಅಮೆರಿಕದ ಓರೆಗಾನ್ ರಾಜ್ಯ 2024ರಲ್ಲಿ ಬಿಡಿಭಾಗಕ್ಕೆ ಸಾಫ್ಟ್‌ವೇರ್ ಬೀಗ ಹಾಕುವುದನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ಇಂಥ ನಿಯಮಗಳಿಗಾಗಿ ಸುತ್ತಲೂ ಒತ್ತಡ ಹೆಚ್ಚುತ್ತಿದ್ದಾಗಲೇ ಆ್ಯಪಲ್ 2022ರಲ್ಲಿ ಅಮೆರಿಕದ ಬಳಕೆದಾರರಿಗೆ ಬಿಡಿಭಾಗ, ಕೈಪಿಡಿ, ಬಾಡಿಗೆಗೆ ಉಪಕರಣ ಕೊಡಲು ಶುರುಮಾಡಿತು. ಅದೇ ವರ್ಷ ಸ್ಯಾಮ್‌ಸಂಗ್ ಕೂಡ ಅದೇ ದಾರಿ ಹಿಡಿಯಿತು. ಮನೆಯಲ್ಲಿ ಬಿಚ್ಚುವುದು ಅಪಾಯ ಎಂದು ವರ್ಷಾನುಗಟ್ಟಲೆ ಹೇಳಿದವರೇ ಮನೆಗೆ ಸ್ಕ್ರೂಡ್ರೈವರ್ ಕಳುಹಿಸಿದರು. ಅಪಾಯ ರಾತ್ರೋರಾತ್ರಿ ಎಲ್ಲಿ ಹೋಯಿತು?

ನಮ್ಮಲ್ಲೇನಾಗಿದೆ? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಬಗ್ಗೆ ನಿಧಿ ಖರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಆ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಒಂದು ಜಾಲತಾಣವನ್ನೂ ತೆರೆಯಿತು. ಮೊಬೈಲು, ಗೃಹೋಪಯೋಗಿ ವಸ್ತು, ವಾಹನ, ಕೃಷಿ ಯಂತ್ರ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. 2024ರಲ್ಲಿ ದುರಸ್ತಿ ಸೂಚ್ಯಂಕಕ್ಕಾಗಿ ಇನ್ನೊಂದು ಸಮಿತಿ ಬಂತು, 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಸಮಿತಿ ಒಳ್ಳೆಯದು, ಜಾಲತಾಣವೂ ಒಳ್ಳೆಯದು. ಆದರೆ ಜಾಲತಾಣ ಮಾಹಿತಿ ಕೊಡಬಲ್ಲದು, ಪ್ಯಾನೆಲ್ ಬಿಡಿಯಾಗಿ ಮಾರೋದಿಲ್ಲ ಎನ್ನುವ ಸರ್ವಿಸ್ ಸೆಂಟರಿಗೆ ದಂಡ ಹಾಕಲಾರದು. ಕಾರುಗಳ ವಿಚಾರದಲ್ಲಿ ನಾವು ಇದಕ್ಕಿಂತ ಗಟ್ಟಿಯಾಗಿ ನಡೆದುಕೊಂಡದ್ದುಂಟು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳ ಮೇಲೆ 2,500 ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿತು. ಕಾರಿನ ಬಂಪರಿಗೆ ಅನ್ವಯಿಸಿದ ತರ್ಕ ಫೋನಿನ ಹಿಂಬದಿಗೆ ಯಾಕೆ ಅನ್ವಯಿಸಬಾರದು? ಕಾರು ಇರುವವರಿಗಿಂತ ಫೋನು ಇರುವವರು ಎಷ್ಟು ಪಟ್ಟು ಹೆಚ್ಚು ಎಂಬುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಕೇಂದ್ರ ಸರ್ಕಾರ ದುರಸ್ತಿ ಸೂಚ್ಯಂಕದ ಆ ವರದಿಯನ್ನು ಕಾಯ್ದೆಯಾಗಿಸಲಿ. ಭಾರತದಲ್ಲಿ ಮಾರುವ ಪ್ರತಿ ಫೋನಿನ ಪೆಟ್ಟಿಗೆಯ ಮೇಲೆ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ದುರಸ್ತಿಯ ಅಂಕ ಇರಲಿ. ಹಿಂಬದಿ, ಬ್ಯಾಟರಿ, ಪರದೆ ಈ ಮೂರನ್ನು ಬಿಡಿಯಾಗಿ ಯಾರು ಕೇಳಿದರೂ, ಮೊದಲೇ ಪ್ರಕಟಿಸಿದ ದರಕ್ಕೆ, ಏಳು ವರ್ಷ ಮಾರಬೇಕೆಂಬ ಕಡ್ಡಾಯ ಇರಲಿ. ಬಿಚ್ಚುವ ಕೈಪಿಡಿ ಕನ್ನಡದಲ್ಲೂ ಸಿಗಲಿ. ಗಾಜು ಬದಲಿಸಲು ಫೋನಿನೊಳಗಿನದನ್ನು ಅಳಿಸಿ ಎಂದು ಒತ್ತಾಯಿಸುವುದನ್ನು ನಿಷೇಧಿಸಲಿ. ಕರ್ನಾಟಕ ಸರ್ಕಾರ ದೆಹಲಿಗಾಗಿ ಕಾಯಬೇಕಾಗಿಲ್ಲ. ಫೋನ್ ಕಾರ್ಖಾನೆಗಳಿಗೆ ನೆಲ, ನೀರು, ರಿಯಾಯಿತಿ ಕೊಡುವಾಗ ಇಲ್ಲಿಯ ಜನರಿಗೆ ಬಿಡಿಭಾಗ ಕೊಡಿ ಎಂದು ಕೇಳುವ ಹಕ್ಕು ಅದಕ್ಕಿದೆ. ಸರ್ಕಾರಿ ಐಟಿಐಗಳಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಒಂದು ಮೇಜು, ಒಂದು ಹೀಟ್ ಗನ್, ಒಂದು ಸ್ಕ್ರೂಡ್ರೈವರ್ ಸೆಟ್ಟು ಇಟ್ಟು, ತಿಂಗಳಿಗೊಂದು ಭಾನುವಾರ ಕಲಿಸಲಿ. ಬೆಂಗಳೂರಿನಲ್ಲಿ 2015ರಿಂದ ಸ್ವಯಂಸೇವಕರು ರಿಪೇರಿ ಕೆಫೆ ನಡೆಸಿಕೊಂಡು ಬಂದಿದ್ದಾರೆ. ಸ್ವಯಂಸೇವಕರಿಗೆ ಸಾಧ್ಯವಾದದ್ದು ಸರ್ಕಾರಕ್ಕೆ ಅಸಾಧ್ಯವೇ?

ನಾವೂ ಸುಮ್ಮನಿರಬಾರದು. ಮುಂದಿನ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು, ಇದರ ಹಿಂದಿನ ಗಾಜು ಒಡೆದರೆ ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ ಎಂದು ಅಂಗಡಿಯಲ್ಲಿ ಹತ್ತು ಜನಕ್ಕೆ ಕೇಳಿಸುವಂತೆ ಕೇಳಿ. ಗೊತ್ತಿಲ್ಲ ಎಂದರೆ ಬೇರೆ ಫೋನು ತೋರಿಸಿ ಎನ್ನಿ. ಮನೆಯಲ್ಲಿ ಈಗಾಗಲೇ ಒಡೆದು, ಪೌಚಿನೊಳಗೆ ಅಡಗಿರುವ ಫೋನನ್ನು ಹೊರಗೆ ತೆಗೆಯಿರಿ. ಸರ್ವಿಸ್ ಸೆಂಟರಿಗೆ ಹೋಗಿ ಪ್ಯಾನೆಲ್ ಮಾತ್ರ ಕೇಳಿ. ಕೊಡುವುದಿಲ್ಲ ಎಂದರೆ ಅದನ್ನೇ ಕಾಗದದ ಮೇಲೆ ಬರೆದು, ಸೀಲು ಹಾಕಿ ಕೊಡಿ ಎಂದು ಪಟ್ಟು ಹಿಡಿಯಿರಿ. ಬರೆದುಕೊಟ್ಟರೆ ಅದನ್ನಿಟ್ಟುಕೊಂಡು, ಕೊಡದಿದ್ದರೆ ಅದನ್ನೂ ಸೇರಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅವತ್ತೇ ಕರೆ ಮಾಡಿ ದೂರು ದಾಖಲಿಸಿ. ಕನ್ನಡದಲ್ಲೇ ದಾಖಲಿಸಿ.